ಗಡ್ಡೆಯನ್ನು ಗುಡ್ಡೆ ಮಾಡಿ ನೋಡುವ ಲೆಕ್ಕ

ಕಟ್ಟಾಯ ಹೋಬಳಿಯಲ್ಲಿ ಮುಂಗಾರಿನ ಆಲೂಗಡ್ಡೆ ಕೀಳುವ ದಿನಗಳಲ್ಲಿ ಒಮ್ಮೆ ಹೊಲದ ಬದುವಿನ ಮೇಲೆ ನಿಂತು ನೋಡಬೇಕು. ಒಬ್ಬರು ಸಾಲು ಒಡೆಯುತ್ತಾ ಮುಂದೆ ಹೋಗುತ್ತಾರೆ, ಹಿಂದೆ ಬರುವವರು ಗಡ್ಡೆ ಆಯ್ದು ಮಂಕರಿಗೆ ತುಂಬುತ್ತಾರೆ. ಎಲ್ಲವನ್ನೂ ಒಂದು ಕಡೆ ಸುರಿದ ಮೇಲೆ ಇನ್ನೊಂದು ಕೆಲಸ ಶುರುವಾಗುತ್ತದೆ. ದಪ್ಪ ಗಡ್ಡೆ ಒಂದು ಗುಡ್ಡೆ, ನಡುವಿನದು ಒಂದು ಗುಡ್ಡೆ, ಗೋಲಿಯಷ್ಟೇ ಇರುವುದು ಮತ್ತೊಂದು ಗುಡ್ಡೆ. ಕೊಳೆತದ್ದು, ಗುದ್ದಲಿಯ ಏಟು ತಿಂದದ್ದು ಆಚೆಗೆ. ತಕ್ಕಡಿ ಹಿಡಿದು ಯಾರೂ ಕೂರುವುದಿಲ್ಲ, ಎಲ್ಲ ಕಣ್ಣಳತೆ. ಸಂಜೆಗೆ ಆ ಗುಡ್ಡೆಗಳು ಎಷ್ಟೆಷ್ಟು ಎತ್ತರ ಬಂದಿವೆ ಎಂದು ನೋಡಿದರೆ ಸಾಕು, ಈ ಸಲದ ಬೆಳೆಯ ಕಥೆ ಮನೆಯ ಹಿರಿಯರಿಗೆ ಅರ್ಥವಾಗುತ್ತದೆ.

ಹಿಸ್ಟೊಗ್ರಾಂ ಎಂದರೆ ಇದೇ. ಅಳತೆಯ ಪ್ರಕಾರ ಗುಂಪು ಮಾಡುವುದು, ಒಂದೊಂದು ಗುಂಪಿನಲ್ಲಿ ಎಷ್ಟಿವೆ ಎಂದು ಎಣಿಸುವುದು, ಅಷ್ಟೆತ್ತರದ ಕಂಬ ಎಳೆಯುವುದು. ಕಾರ್ಲ್ ಪಿಯರ್ಸನ್ ಎಂಬ ಇಂಗ್ಲಿಷ್ ಗಣಿತಜ್ಞ 1890ರ ದಶಕದಲ್ಲಿ ಈ ಚಿತ್ರಕ್ಕೆ ಆ ಹೆಸರಿಟ್ಟ. ಕೆಲಸ ಮಾತ್ರ ಹೆಸರಿಗಿಂತ ಹಳೆಯದು.

ನಮ್ಮ ಅಣ್ಣನ ಮಗಳು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಆಲೂಗಡ್ಡೆ ಬೆಳೆಯ ಮೇಲೆ ಸಣ್ಣದೊಂದು ಪ್ರಾಜೆಕ್ಟ್ ಮಾಡಬೇಕಾಗಿ ಬಂತು. ಎರಡು ಹೊಲದ ಗಡ್ಡೆ ತೂಗಿ, ಎರಡಕ್ಕೂ ಸರಾಸರಿ ತೆಗೆದು, ಹಾಳೆ ತಂದು ತೋರಿಸಿದಳು. ಎರಡು ಸರಾಸರಿಗಳೂ ಹೆಚ್ಚುಕಡಿಮೆ ಒಂದೇ. "ಚಿಕ್ಕಪ್ಪ, ಎರಡು ಹೊಲವೂ ಒಂದೇ ಥರ ಬೆಳೆದಿವೆ ಅಂತ ಬರೆದುಬಿಡಲಾ?" ಎಂದು ಕೇಳಿದಳು. ಗುಡ್ಡೆ ನೋಡದೆ ಹಾಗೆ ಬರೆಯಬೇಡ ಎಂದೆ. ಅವತ್ತು ಅವಳ ಜೊತೆ ಕೂತು ಮಾಡಿದ್ದನ್ನೇ, ಇಂಥದ್ದನ್ನು ಎಂದೂ ಮಾಡದ ಓದುಗರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾವು ಬಳಸಿದ ಸಲಕರಣೆಯ ಹೆಸರು ಆರ್. ಇಂಗ್ಲಿಷ್ ವರ್ಣಮಾಲೆಯ ಆ ಒಂದಕ್ಷರವೇ ಅದರ ಹೆಸರು.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಈ ಭಾಷೆ ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಅದೇ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಎಸ್ ಎಂಬ ಭಾಷೆ ಅದಕ್ಕೆ ಮಾದರಿ. ಆರ್‌ನ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರುವರಿ 29ರಂದು ಹೊರಬಂತು. ಕಾಸು ಕೊಡಬೇಕಿಲ್ಲ, ಪರವಾನಗಿ ನವೀಕರಿಸಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಹಳ್ಳಿಯಿಂದ ಕಾಲೇಜಿಗೆ ಬರುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ದುಬಾರಿ ತಂತ್ರಾಂಶದ ಕದ್ದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತಿರುಗುವ ಗತಿ ಯಾವ ವಿದ್ಯಾರ್ಥಿಗೂ ಬೇಡ.

ಕ್ರಾನ್ ಎಂಬ ಅಧಿಕೃತ ತಾಣದಿಂದ ಮೊದಲು ಆರ್ ಇಳಿಸಿಕೊಳ್ಳಿ. ಆಮೇಲೆ ಆರ್‌ಸ್ಟುಡಿಯೊ ಎಂಬ ಇನ್ನೊಂದು ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆರ್ ಎಂಜಿನ್ ಇದ್ದ ಹಾಗೆ, ಆರ್‌ಸ್ಟುಡಿಯೊ ಸೀಟು, ಸ್ಟೇರಿಂಗು ಇದ್ದ ಹಾಗೆ. ತೆರೆದಾಗ ಎಡಗಡೆ ಕನ್ಸೋಲ್ ಎಂಬ ಕಿಟಕಿ ಕಾಣುತ್ತದೆ, ಅದರಲ್ಲಿ > ಗುರುತಿನ ಮುಂದೆ ಕರ್ಸರ್ ಮಿನುಗುತ್ತಿರುತ್ತದೆ. ಅಲ್ಲಿ ಬರೆದು ಎಂಟರ್ ಒತ್ತಿದರೆ ಉತ್ತರ ಬರುತ್ತದೆ. 2+3 ಎಂದು ಹಾಕಿ ನೋಡಿ, [1] 5 ಎಂದು ಬರುತ್ತದೆ. ಆ [1] ಉತ್ತರದ ಭಾಗವಲ್ಲ, ಆ ಸಾಲಿನಲ್ಲಿ ಮೊದಲು ಕಾಣುವುದು ಎಷ್ಟನೆಯ ಅಂಕಿ ಎಂದು ಹೇಳುವ ಕ್ರಮಸಂಖ್ಯೆ ಅಷ್ಟೆ. ಶುರುವಿನಲ್ಲಿ ಬಹಳ ಮಂದಿ ಅದನ್ನು ನೋಡಿ ಗಾಬರಿಯಾಗುತ್ತಾರೆ.

ಒಂದು ಸೂಚನೆ. ಈ ಲೇಖನದಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಒತ್ತಬೇಕು. ಕಾಗುಣಿತ ತೊಡಕಾಗುವ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಆರ್‌ಗೆ ಸಣ್ಣಕ್ಷರ, ದೊಡ್ಡಕ್ಷರ ಬೇರೆ ಬೇರೆ. ಮೊದಲ ಅಕ್ಷರ ದೊಡ್ಡದಾದರೂ ಸಾಕು, ಅಂಥ ಆಜ್ಞೆಯೇ ಇಲ್ಲ ಎಂದು ಅದು ಹೇಳಿಬಿಡುತ್ತದೆ.

ಈಗ ಗಡ್ಡೆಗೆ ಬರೋಣ. 20 ಗಡ್ಡೆಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿದೆವು ಎಂದಿಟ್ಟುಕೊಳ್ಳಿ. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ನಾನೇ ಹೊಂದಿಸಿದವು, ಯಾವ ಹೊಲದ್ದೂ ಅಲ್ಲ. ಜಿ ಎಂಬ ಒಂದಕ್ಷರದ ಹೆಸರಿನಲ್ಲಿ ಅವನ್ನು ಕಟ್ಟಿಡೋಣ:

ಜಿ <- ಸಿ(18, 22, 25, 28, 31, 34, 36, 38, 42, 45, 48, 52, 55, 61, 68, 74, 85, 98, 120, 160)

ಇಲ್ಲಿ ಸಿ ಎಂಬುದು ಅಂಕಿಗಳನ್ನು ಪೋಣಿಸುವ ದಾರ. ಬಾಣದ ಗುರುತು, ಅಂದರೆ ಕಿರಿದೆಂಬ ಚಿಹ್ನೆಯ ಪಕ್ಕ ಒಂದು ಅಡ್ಡಗೆರೆ, ಬಲಗಡೆ ಇರುವುದನ್ನು ಎಡಗಡೆಯ ಹೆಸರಿಗೆ ಸೇರಿಸುತ್ತದೆ. ಎಂಟರ್ ಒತ್ತಿದಾಗ ಏನೂ ಬರುವುದಿಲ್ಲ. ಬರಲಿಲ್ಲ ಎಂದರೆ ಸರಿಯಾಗಿದೆ ಎಂದರ್ಥ. ಮುಂದಿನ ಸಾಲು:

ಸಮರಿ(ಜಿ)

ಅಕ್ಷರಗಳು ಎಸ್-ಯು-ಎಂ-ಎಂ-ಎ-ಆರ್-ವೈ. ಈ ಒಂದೇ ಆಜ್ಞೆಗೆ ಆರು ಅಂಕಿಗಳು ಸಾಲಾಗಿ ಬರುತ್ತವೆ: 18.00, 33.25, 46.50, 57.00, 69.50, 160.00. ಮೊದಲನೆಯದು ಎಲ್ಲಕ್ಕಿಂತ ಸಣ್ಣ ಗಡ್ಡೆ, ಕೊನೆಯದು ಎಲ್ಲಕ್ಕಿಂತ ದಪ್ಪದ್ದು. ಮೂರನೆಯದು ಮಧ್ಯಾಂಕ: ಗಡ್ಡೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ಅರ್ಧ ಈಚೆ, ಅರ್ಧ ಆಚೆ ಬೀಳುವ ಜಾಗ. ಎರಡನೆಯದು ಮತ್ತು ಐದನೆಯದು ಚತುರ್ಥಕಗಳು. ಕಾಲು ಭಾಗ ಗಡ್ಡೆ 33.25 ಗ್ರಾಂಗಿಂತ ಕಡಿಮೆ, ಇನ್ನೊಂದು ಕಾಲು ಭಾಗ 69.50ಕ್ಕಿಂತ ಹೆಚ್ಚು. ನಾಲ್ಕನೆಯದೇ ನಮಗೆಲ್ಲ ಗೊತ್ತಿರುವ ಸರಾಸರಿ, 57.

ಸರಾಸರಿ 57, ಮಧ್ಯಾಂಕ 46.5. ಎರಡರ ನಡುವೆ ಹತ್ತು ಗ್ರಾಂಗಿಂತ ಹೆಚ್ಚಿನ ಅಂತರ ಯಾಕೆ ಬಂತು? 20 ಗಡ್ಡೆಗಳನ್ನು ಎಣಿಸುತ್ತಾ ಬನ್ನಿ. 57 ಗ್ರಾಂಗಿಂತ ಕಡಿಮೆ ತೂಗುವವು 13 ಇವೆ. ಸರಾಸರಿಗೆ ಮುಟ್ಟದ ಗಡ್ಡೆಗಳೇ ಹೆಚ್ಚು. 120 ಮತ್ತು 160 ಗ್ರಾಂನ ಎರಡು ಗಡ್ಡೆಗಳು ಸರಾಸರಿಯನ್ನು ತಮ್ಮ ಕಡೆ ಎಳೆದುಕೊಂಡಿವೆ. ಮಧ್ಯಾಂಕಕ್ಕೆ ಆ ಎಳೆತ ತಟ್ಟುವುದಿಲ್ಲ. ಎಲ್ಲಕ್ಕಿಂತ ದಪ್ಪ ಗಡ್ಡೆ 160 ಇದ್ದರೇನು, 300 ಇದ್ದರೇನು, ಸಾಲಿನ ನಡುವೆ ನಿಂತವರು ನಿಂತಲ್ಲೇ ಇರುತ್ತಾರೆ. ನಾನು ಮಕ್ಕಳಿಗೆ ಯಾವಾಗಲೂ ಹೇಳುವುದು, ಸರಾಸರಿ ಬರೆಯುವ ಕಡೆಯಲ್ಲೆಲ್ಲ ಪಕ್ಕದಲ್ಲಿ ಮಧ್ಯಾಂಕವನ್ನೂ ಬರೆಯಿರಿ. ಎರಡೂ ಹತ್ತಿರವಿದ್ದರೆ ಹೆಚ್ಚಾಗಿ ತೊಂದರೆಯಿಲ್ಲ, ದೂರವಿದ್ದರೆ ಒಳಗೆ ಏನೋ ಇದೆ ಎಂದು ಗೊತ್ತಾಗುತ್ತದೆ.

ಇದನ್ನು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಬಹುದು. 160 ಎಂದು ಹೊಡೆಯುವಾಗ ಕೈ ತಪ್ಪಿ ಇನ್ನೊಂದು ಸೊನ್ನೆ ಸೇರಿ 1600 ಆಯಿತು ಎನ್ನಿ. ಸರಾಸರಿ 57ರಿಂದ ಒಂದೇ ಏಟಿಗೆ 129ಕ್ಕೆ ಹಾರುತ್ತದೆ. ಮಧ್ಯಾಂಕ ಅದೇ 46.5. 20ರಲ್ಲಿ 19 ಗಡ್ಡೆಗಳು 129ಕ್ಕಿಂತ ಕಡಿಮೆಯಿದ್ದರೂ ಸರಾಸರಿ 129 ಎಂದು ವರದಿ ಹೋಗುತ್ತದೆ. ತಪ್ಪಿದ ಒಂದು ಸೊನ್ನೆ ಇಡೀ ಹೊಲದ ಕಥೆಯನ್ನೇ ಬದಲಿಸಿಬಿಡುತ್ತದೆ.

ಇನ್ನು ಚಿತ್ರ:

ಹಿಸ್ಟ್(ಜಿ)

ಎಚ್-ಐ-ಎಸ್-ಟಿ, ನಾಲ್ಕೇ ಅಕ್ಷರ. ಬಲಗಡೆಯ ಕಿಟಕಿಯಲ್ಲಿ ಎಂಟು ಮನೆಗಳ, ಅಂದರೆ ಎಂಟು ಗುಂಪುಗಳ, ಚಿತ್ರ ಮೂಡುತ್ತದೆ, ಒಂದೊಂದು ಮನೆ 20 ಗ್ರಾಂ ಅಗಲ. ಎತ್ತರಗಳು ಎಡದಿಂದ ಬಲಕ್ಕೆ 1, 7, 5, 3, 2, 1, 0, 1. ಎಡಗಡೆ ಗುಡ್ಡ, ಬಲಕ್ಕೆ ಇಳಿಜಾರು, ದೂರದಲ್ಲಿ ಒಂಟಿ ಕಂಬ. ಸರಾಸರಿ, ಮಧ್ಯಾಂಕಗಳ ನಡುವಿನ ಅಂತರ ಎಲ್ಲಿಂದ ಬಂತು ಎಂಬುದು ಈಗ ಕಣ್ಣೆದುರೇ ಇದೆ. 1600 ಎಂದು ತಪ್ಪಾಗಿ ಹೊಡೆದಿದ್ದರೆ ಇದೇ ಚಿತ್ರದಲ್ಲಿ 19 ಗಡ್ಡೆಗಳೂ ಎಡಗಡೆಯ ಒಂದೇ ಕಂಬಕ್ಕೆ ಸೇರಿ, ಬಲತುದಿಯಲ್ಲಿ ಒಂದು ಕುಳ್ಳ ಕಂಬ ಮಾತ್ರ ನಿಲ್ಲುತ್ತಿತ್ತು. ಅಂಕಿಗಳ ಪಟ್ಟಿಯಲ್ಲಿ ಕಣ್ಣಿಗೆ ಬೀಳದ ತಪ್ಪು ಚಿತ್ರದಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ನಾನು ಮೊದಲು ಹಿಸ್ಟ್ ಹಾಕಿ, ಆಮೇಲೆ ಸಮರಿ ಹಾಕುತ್ತೇನೆ. ಇಲ್ಲಿ ಅರ್ಥವಾಗಲೆಂದು ಕ್ರಮ ತಿರುಗಿಸಿದ್ದೇನೆ.

ಮನೆಗಳ ಅಗಲದ ವಿಷಯ ಇಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು. ನಾವು ಹೇಳದೆಯೇ ಆರ್ ಈ ಎಂಟು ಮನೆಗಳನ್ನು ಹೇಗೆ ಆರಿಸಿತು? ಹರ್ಬರ್ಟ್ ಸ್ಟರ್ಜಸ್ 1926ರಲ್ಲಿ ಕೊಟ್ಟ ಸೂತ್ರವೊಂದಿದೆ, ಎಷ್ಟು ಅಂಕಿಗಳಿದ್ದರೆ ಎಷ್ಟು ಮನೆ ಬೇಕು ಎಂದು ಹೇಳುವುದು. 20 ಅಂಕಿಗೆ ಅದು 6 ಎನ್ನುತ್ತದೆ. 6 ಮನೆ ಮಾಡಿದರೆ ಒಂದೊಂದರ ಅಗಲ 23 ಚಿಲ್ಲರೆ ಗ್ರಾಂ ಆಗುತ್ತದೆ, ಓದಲು ಕಷ್ಟ. ಹಾಗಾಗಿ ಆರ್ ಅದನ್ನು 20ಕ್ಕೆ ತಂದು, ಸೊನ್ನೆಯಿಂದ 160ರವರೆಗೆ ಎಂಟು ಮನೆ ಮಾಡಿತು. ಸೂತ್ರ ಅಂಕಿಗಳ ಎಣಿಕೆಯನ್ನಷ್ಟೇ ನೋಡುತ್ತದೆ. ಸಂತೆಯಲ್ಲಿ ಎಂಥ ಗಡ್ಡೆಗೆ ಬೆಲೆ, ಯಾವುದನ್ನು ಮುಂದಿನ ಬಿತ್ತನೆಗೆ ಎತ್ತಿಡಬೇಕು ಎಂಬುದು ಅದಕ್ಕೆ ತಿಳಿಯದು, ನಿಮಗೆ ತಿಳಿದಿದೆ. ಆದ್ದರಿಂದ ಅಗಲವನ್ನು ನೀವೇ ಹೇಳಿ:

ಹಿಸ್ಟ್(ಜಿ, ಬ್ರೇಕ್ಸ್ = ಸೀಕ್(0, 200, 50))

ಬ್ರೇಕ್ಸ್ ಬಿ-ಆರ್-ಇ-ಎ-ಕೆ-ಎಸ್, ಸೀಕ್ ಎಸ್-ಇ-ಕ್ಯೂ. ಸೊನ್ನೆಯಿಂದ 200ರವರೆಗೆ 50ರ ಹೆಜ್ಜೆ ಎಂದರ್ಥ. ಈಗ ನಾಲ್ಕೇ ಮನೆಗಳು: 11, 7, 1, 1. ಹೊಲದಲ್ಲಿ ಮಾಡುವ ಸಣ್ಣದು, ನಡುವಿನದು, ದಪ್ಪದ್ದು ಎಂಬ ಗುಡ್ಡೆಗೆ ಇದು ಹತ್ತಿರ. ಹೆಜ್ಜೆಯನ್ನು 10ಕ್ಕೆ ಇಳಿಸಿದರೆ ಹಲ್ಲು ಮುರಿದ ಬಾಚಣಿಗೆಯಂತೆ ಚಿತ್ರ ಚೆದುರುತ್ತದೆ. ತೀರ ಅಗಲವಾದರೆ ವಿವರ ಮುಚ್ಚಿಹೋಗುತ್ತದೆ, ತೀರ ಕಿರಿದಾದರೆ ಆಕಾರವೇ ಕಾಣುವುದಿಲ್ಲ. ಎರಡು ಮೂರು ಅಗಲದಲ್ಲಿ ಎಳೆದು ನೋಡಿ. ಎಲ್ಲದರಲ್ಲೂ ಉಳಿಯುವ ಆಕಾರವನ್ನು ನಂಬಬಹುದು. ಒಂದೇ ಅಗಲದಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವ ಉಬ್ಬಿನ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ.

ಇಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಬ್ರೇಕ್ಸ್ = 10 ಎಂದು ಬರೆದರೆ ಹತ್ತು ಮನೆ ಬರುತ್ತದೆ ಎಂದುಕೊಳ್ಳುತ್ತೇವೆ. ನಮ್ಮ ಗಡ್ಡೆಗಳಿಗೆ ಹಾಗೆ ಕೇಳಿ ನೋಡಿ, ಮತ್ತೆ ಎಂಟೇ ಬರುತ್ತದೆ. ಒಂಟಿ ಅಂಕಿ ಕೊಟ್ಟರೆ ಆರ್ ಅದನ್ನು ಸಲಹೆ ಎಂದಷ್ಟೇ ತೆಗೆದುಕೊಳ್ಳುತ್ತದೆ, ಸೀಕ್ ಬಳಸಿ ಗೆರೆಗಳನ್ನೇ ಕೊಟ್ಟರೆ ಮಾತ್ರ ಹೇಳಿದಂತೆ ನಡೆಯುತ್ತದೆ. ಇನ್ನೊಂದು, ಗೆರೆಗಳು ಎಲ್ಲ ಅಂಕಿಗಳನ್ನೂ ಒಳಗೆ ಹಾಕಿಕೊಳ್ಳಬೇಕು. ಸೀಕ್(0, 150, 50) ಎಂದರೆ 160 ಗ್ರಾಂನ ಗಡ್ಡೆಗೆ ಮನೆಯೇ ಇಲ್ಲ, ಆರ್ ಕೆಂಪಕ್ಷರದಲ್ಲಿ ತಗಾದೆ ತೆಗೆಯುತ್ತದೆ. ಮೂರನೆಯದು ಸೂಕ್ಷ್ಮ. 120 ಗ್ರಾಂನ ಗಡ್ಡೆ ಗೆರೆಯ ಮೇಲೆಯೇ ನಿಂತಿದೆ. ಅದು 100–120ರ ಮನೆಗೋ, 120–140ರ ಮನೆಗೋ? ಆರ್ ಅದನ್ನು ಎಡಗಡೆಯ ಮನೆಗೆ ಸೇರಿಸುತ್ತದೆ. ಶಾಲೆಯಲ್ಲಿ ವರ್ಗಾಂತರದ ಪಾಠದಲ್ಲಿ ಇದರ ತಿರುವುಮುರುವು ಕಲಿತಿರುತ್ತೇವೆ, ಮೇಲಿನ ಮಿತಿ ಮುಂದಿನ ವರ್ಗಕ್ಕೆ ಎಂದು. ಕೈಯಲ್ಲಿ ಎಣಿಸಿದ್ದಕ್ಕೂ ಆರ್ ಎಳೆದದ್ದಕ್ಕೂ ಒಂದೆರಡು ವ್ಯತ್ಯಾಸ ಬಂದರೆ ಮೊದಲು ಇಲ್ಲಿ ಹುಡುಕಿ. ಶಾಲೆಯ ರೀತಿಯೇ ಬೇಕಿದ್ದರೆ ಆವರಣದೊಳಗೆ ಅಲ್ಪವಿರಾಮ ಹಾಕಿ ರೈಟ್ = ಫಾಲ್ಸ್ ಎಂದು ಸೇರಿಸಿ. ಫಾಲ್ಸ್‌ನ ಐದು ಅಕ್ಷರವೂ ದೊಡ್ಡಕ್ಷರ.

ಚಿತ್ರಕ್ಕೆ ಹೆಸರು ಕೊಡಲು ಮೇನ್ (ಎಂ-ಎ-ಐ-ಎನ್), ಅಡಿಗೆರೆಗೆ ಎಕ್ಸ್‌ಲ್ಯಾಬ್, ಎತ್ತರದ ಗೆರೆಗೆ ವೈಲ್ಯಾಬ್. ಹೆಸರನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಅಡಿಗೆರೆಯಲ್ಲಿ ಗ್ರಾಂ ಎಂದು ಬರೆಯುವುದನ್ನು ಮರೆಯಬೇಡಿ. ಅಳತೆಯ ಹೆಸರಿಲ್ಲದ ಚಿತ್ರ ನೋಡಿದವರಿಗೆ ಅದು ಗ್ರಾಮೋ, ಕಿಲೋನೋ, ಗಡ್ಡೆಯ ಸುತ್ತಳತೆಯೋ ತಿಳಿಯುವುದಿಲ್ಲ. ಚಿತ್ರದ ಕಿಟಕಿಯ ಮೇಲಿರುವ ಎಕ್ಸ್‌ಪೋರ್ಟ್ ಒತ್ತಿದರೆ ವರದಿಗೆ ಸೇರಿಸಲು ಪ್ರತಿ ಸಿಗುತ್ತದೆ.

ಹರಡಿಕೆ ಹೇಳಲು ಮಾನಕ ವಿಚಲನೆ ಇದೆ. ಎಸ್‌ಡಿ(ಜಿ) ಎಂದರೆ 35.96 ಎಂದು ಬರುತ್ತದೆ, ಸುಮಾರು 36. ಕ್ಯಾಲ್ಕುಲೇಟರಿನಲ್ಲಿ 20ರಿಂದ ಭಾಗಿಸಿ ಲೆಕ್ಕ ಹಾಕಿದವರಿಗೆ ಇದಕ್ಕಿಂತ ತುಸು ಕಡಿಮೆ ಬರುತ್ತದೆ. ಕೈಯಲ್ಲಿರುವುದು ಇಡೀ ಹೊಲವಲ್ಲ, ಒಂದು ಮಾದರಿ ಮಾತ್ರ ಎಂಬ ಲೆಕ್ಕದಲ್ಲಿ ಆರ್ ಒಂದು ಕಳೆದು 19ರಿಂದ ಭಾಗಿಸುತ್ತದೆ. ಈ 36ನ್ನು ಬಳಸುವಾಗ ಎಚ್ಚರ ಬೇಕು. ಸರಾಸರಿಯ ಆಚೀಚೆ ಎರಡು ಮಾನಕ ವಿಚಲನೆಯೊಳಗೆ ಹೆಚ್ಚಿನ ಅಂಕಿಗಳು ಇರುತ್ತವೆ ಎಂದು ಪಾಠದಲ್ಲಿ ಓದಿರುತ್ತೇವೆ. 57ರಿಂದ 72 ಕಳೆಯಿರಿ, ಮೈನಸ್ 15 ಗ್ರಾಂ. ಅಂಥ ಗಡ್ಡೆ ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಗುಡ್ಡ ಎರಡೂ ಕಡೆ ಸಮನಾಗಿ ಇಳಿದಿದ್ದರೆ ಆ ನಿಯಮ ಒಪ್ಪುತ್ತದೆ, ಹೀಗೆ ಒಂದು ಕಡೆ ಬಾಲ ಚಾಚಿದ ಗುಡ್ಡಕ್ಕೆ ಒಪ್ಪುವುದಿಲ್ಲ. ಇಲ್ಲಿ 33ರಿಂದ 70 ಗ್ರಾಂನೊಳಗೆ ನಡುವಿನ ಅರ್ಧದಷ್ಟು ಗಡ್ಡೆಗಳಿವೆ ಎಂದು ಚತುರ್ಥಕಗಳನ್ನು ಹಿಡಿದು ಹೇಳುವುದೇ ಪ್ರಾಮಾಣಿಕ ಮಾತು.

ಬಹುಲಕ, ಅಂದರೆ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಅಂಕಿಯನ್ನು, ಹುಡುಕುವವರು ಮೋಡ್(ಜಿ) ಎಂದು ಹೊಡೆದು ಮೋಸ ಹೋಗುತ್ತಾರೆ. ಆರ್‌ನಲ್ಲಿ ಆ ಪದಕ್ಕೆ ಬೇರೆ ಅರ್ಥ, ಒಳಗಿರುವುದು ಅಂಕಿಯೋ ಅಕ್ಷರವೋ ಎಂದಷ್ಟೇ ಅದು ಹೇಳುತ್ತದೆ. ಗಡ್ಡೆಯ ತೂಕದಂಥ ಅಳತೆಗೆ ಬಹುಲಕಕ್ಕಿಂತ ಹಿಸ್ಟೊಗ್ರಾಂನ ಎಲ್ಲಕ್ಕಿಂತ ಎತ್ತರದ ಕಂಬವೇ ಒಳ್ಳೆಯ ಉತ್ತರ.

ಇಷ್ಟಾದ ಮೇಲೆ ಅಣ್ಣನ ಮಗಳು ಒಂದು ಪ್ರಶ್ನೆ ಕೇಳಿದಳು. "ಸಣ್ಣ ಗಡ್ಡೆಗಳೇ ಜಾಸ್ತಿ ಅಂತ ಚಿತ್ರ ಹೇಳ್ತಿದೆ. ಹಾಗಾದ್ರೆ ಬೆಳೆ ಕೆಟ್ಟಿದೆ ಅಂತಲಾ?" ಅದಕ್ಕೆ ಉತ್ತರ ಇನ್ನೊಂದು ಸಾಲಿನಲ್ಲಿದೆ. ರೈತ ಮಾರುವುದು ಎಣಿಕೆಯಲ್ಲಲ್ಲ, ತೂಕದಲ್ಲಿ. 60 ಗ್ರಾಂ ಮೀರಿದ ಗಡ್ಡೆಗಳ ಪಾಲು ಎಷ್ಟು?

ಸಮ್(ಜಿ[ಜಿ > 60]) / ಸಮ್(ಜಿ)

ಸಮ್ ಎಂದರೆ ಎಸ್-ಯು-ಎಂ, ಮೊತ್ತ. ಚೌಕಾವರಣದೊಳಗಿನ ಷರತ್ತು 60 ಮೀರಿದವನ್ನು ಮಾತ್ರ ಆರಿಸುತ್ತದೆ. ಉತ್ತರ 0.584. ಎಣಿಕೆಯಲ್ಲಿ 20ಕ್ಕೆ 7, ಅಂದರೆ ನೂರಕ್ಕೆ 35 ಮಾತ್ರ ಇರುವ ಗಡ್ಡೆಗಳು ಒಟ್ಟು 1140 ಗ್ರಾಂನಲ್ಲಿ 666 ಗ್ರಾಂ ಹೊತ್ತಿವೆ, ನೂರಕ್ಕೆ 58ರಷ್ಟು. 30 ಗ್ರಾಂಗಿಂತ ಸಣ್ಣವು ನಾಲ್ಕಿದ್ದರೂ ಅವುಗಳ ಒಟ್ಟು ತೂಕ 93 ಗ್ರಾಂ, ನೂರಕ್ಕೆ 8. ಹಿಸ್ಟೊಗ್ರಾಂ ತಲೆ ಎಣಿಸುತ್ತದೆ, ತಕ್ಕಡಿ ತೂಕ ಎಣಿಸುತ್ತದೆ. ನಿಮ್ಮ ಪ್ರಶ್ನೆ ಯಾವುದರದ್ದು ಎಂದು ತೀರ್ಮಾನಿಸದೆ ಚಿತ್ರಕ್ಕೆ ಅರ್ಥ ಹಚ್ಚಬೇಡಿ.

ನಿಜವಾದ ಕೆಲಸಕ್ಕೆ 20 ಗಡ್ಡೆ ಸಾಲದು, ನೂರಾದರೂ ಬೇಕು. ಯಾವ ನೂರು ಎಂಬುದು ಎಷ್ಟು ಎಂಬುದಕ್ಕಿಂತ ಮುಖ್ಯ. ಮಂಕರಿಯ ಮೇಲಿನಿಂದ ಎತ್ತಿದರೆ ಕೈಗೆ ಸಿಗುವುದು ದಪ್ಪವೇ, ಸಣ್ಣದು ಸಂದಿಯಲ್ಲಿ ಜಾರಿ ತಳಕ್ಕೆ ಇಳಿದಿರುತ್ತದೆ. ಹೊಲದ ಅಂಚಿನ ಒಂದೇ ಸಾಲು ಕಿತ್ತರೆ ಅಲ್ಲಿನ ನೀರು, ನೆರಳಿನ ಕಥೆ ಮಾತ್ರ ಬರುತ್ತದೆ. ನಾವು ಹತ್ತು ಸಾಲಿಗೊಂದು ಸಾಲು, ಆ ಸಾಲಿನಲ್ಲಿ ಇಪ್ಪತ್ತು ಹೆಜ್ಜೆಗೊಂದು ಗಿಡ ಎಂದು ಮೊದಲೇ ಗೊತ್ತುಮಾಡಿಕೊಂಡು, ಆ ಗಿಡದ ಬುಡದ ಎಲ್ಲ ಗಡ್ಡೆಗಳನ್ನೂ, ಗೋಲಿಯಷ್ಟಿದ್ದವನ್ನೂ ಬಿಡದೆ, ತೂಗಿದೆವು. ಅಂಗಮಾರಿ ಬಿದ್ದ ಗಿಡ ಸಿಕ್ಕರೂ ಬಿಟ್ಟು ಪಕ್ಕದ ಒಳ್ಳೆಯ ಗಿಡಕ್ಕೆ ಹೋಗಲಿಲ್ಲ. ಆರಿಸುವಾಗ ಮಾಡಿದ ಪಕ್ಷಪಾತವನ್ನು ಯಾವ ಆಜ್ಞೆಯೂ ಆಮೇಲೆ ತೊಳೆಯಲಾರದು.

ನೂರು ಅಂಕಿಗಳನ್ನು ಕನ್ಸೋಲಿನಲ್ಲಿ ಹೊಡೆಯುವುದು ಕಷ್ಟ. ಎಕ್ಸೆಲ್‌ನಲ್ಲಿ ಬರೆದು, ಮೊದಲ ಸಾಲಿನಲ್ಲಿ ಕಾಲಂ ಹೆಸರು ಕೊಟ್ಟು, ಸಿಎಸ್‌ವಿ ರೂಪದಲ್ಲಿ ಉಳಿಸಿ. ಆಮೇಲೆ:

ಡೇಟಾ1 <- ರೀಡ್.ಸಿಎಸ್‌ವಿ(ಫೈಲ್.ಚೂಸ್())

ಚೂಸ್ ಎಂಬುದು ಸಿ-ಎಚ್-ಒ-ಒ-ಎಸ್-ಇ. ಎಂಟರ್ ಒತ್ತಿದರೆ ಕಡತ ಆರಿಸುವ ಕಿಟಕಿ ತೆರೆಯುತ್ತದೆ. ಒಳಗಿನ ಕಾಲಂ ಬೇಕೆಂದರೆ ಡೇಟಾ1ರ ಮುಂದೆ $ ಗುರುತು ಹಾಕಿ ಕಾಲಂ ಹೆಸರು ಬರೆಯಬೇಕು. ಚಿತ್ರ ಎಳೆಯುವ ಮುಂಚೆ ಎಸ್‌ಟಿಆರ್(ಡೇಟಾ1) ಎಂದು ಹಾಕಿ ಕಾಲಂ ಅಂಕಿಯಾಗಿ ಬಂದಿದೆಯೇ ನೋಡಿ. ಒಂದೇ ಒಂದು ಚೌಕದಲ್ಲಿ 60ರ ಜೊತೆ ಗ್ರಾಂ ಎಂದು ಬರೆದಿದ್ದರೂ ಇಡೀ ಕಾಲಂ ಅಕ್ಷರವಾಗಿಬಿಡುತ್ತದೆ, ಹಿಸ್ಟ್ ಕೆಲಸ ಮಾಡುವುದಿಲ್ಲ. ನಾವು ಅರ್ಧ ಗಂಟೆ ಕಳೆದದ್ದು ಇಂಥ ಒಂದು ಚೌಕಕ್ಕೆ.

ಖಾಲಿ ಬಿಟ್ಟ ಚೌಕ ಎನ್‌ಎ ಎಂದು ಬರುತ್ತದೆ, ಅಂಕಿ ಲಭ್ಯವಿಲ್ಲ ಎಂದು ಅದರ ಅರ್ಥ. ಒಂದು ಎನ್‌ಎ ಇದ್ದರೂ ಮೀನ್ ಎಂಬ ಸರಾಸರಿಯ ಆಜ್ಞೆ (ಎಂ-ಇ-ಎ-ಎನ್) ಎನ್‌ಎ ಎಂದೇ ಉತ್ತರಿಸುತ್ತದೆ. ಆವರಣದೊಳಗೆ ಎನ್‌ಎ.ಆರ್‌ಎಂ = ಟ್ರೂ ಎಂದು ಸೇರಿಸಿದರೆ ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಚಿಹ್ನೆಯ ಎಡಗಡೆಯದೆಲ್ಲ ಸಣ್ಣಕ್ಷರ, ಟ್ರೂ ಮಾತ್ರ ದೊಡ್ಡಕ್ಷರ. ಅಂಕಿ ಸಿಗದ ಕಡೆ ದಯವಿಟ್ಟು ಸೊನ್ನೆ ತುಂಬಬೇಡಿ. ಮಳೆಯ ಲೆಕ್ಕದಲ್ಲಿ ಇದು ಎಷ್ಟು ದೊಡ್ಡ ತಪ್ಪು ಎಂದು ಹೊಲ ಇರುವವರಿಗೆ ಹೇಳಬೇಕಾಗಿಲ್ಲ. ಮಾಪಕ ಕೆಟ್ಟ ದಿನವೂ ಮಳೆ ಬಾರದ ದಿನವೂ ಒಂದೇ ಅಲ್ಲ.

ಮಳೆ ಎಂದಾಗ ಇನ್ನೊಂದು ಗೊಂದಲ ಬಿಡಿಸಬೇಕು. ನಮ್ಮ ರೈತರು ವರ್ಷವನ್ನು ನಕ್ಷತ್ರದ ಪ್ರಕಾರ 13–14 ದಿನಗಳ 27 ತುಂಡು ಮಾಡಿಕೊಂಡಿದ್ದಾರೆ. ರೋಹಿಣಿಗೆ ಇಷ್ಟು, ಮೃಗಶಿರಕ್ಕೆ ಇಷ್ಟು, ಆರಿದ್ರಾಕ್ಕೆ ಇಷ್ಟು ಎಂದು ಮಿಲಿಮೀಟರು ಕೂಡಿಸಿ ಕಂಬ ಎಳೆದರೆ ಅದು ಹಿಸ್ಟೊಗ್ರಾಂ ಅಲ್ಲ, ಸ್ತಂಭ ನಕ್ಷೆ. ಅದಕ್ಕೆ ಬಾರ್‌ಪ್ಲಾಟ್ ಎಂಬ ಬೇರೆ ಆಜ್ಞೆ ಇದೆ. ಎಷ್ಟು ದಿನ 10 ಮಿಲಿಮೀಟರಿನೊಳಗೆ, ಎಷ್ಟು ದಿನ 10–20, ಎಷ್ಟು ದಿನ 20–30 ಎಂದು ದಿನಗಳನ್ನು ಎಣಿಸಿದರೆ ಹಿಸ್ಟೊಗ್ರಾಂ. ದಿನದ ಮಳೆಯನ್ನು ಹಾಗೇ ಹಿಸ್ಟ್‌ಗೆ ಕೊಟ್ಟರೆ ಮಳೆಯಿಲ್ಲದ ದಿನಗಳೆಲ್ಲ ಸೇರಿ ಸೊನ್ನೆಯ ಪಕ್ಕ ಆಕಾಶದೆತ್ತರದ ಕಂಬ ಎದ್ದು, ಉಳಿದದ್ದೇನೂ ಕಾಣುವುದಿಲ್ಲ. ಹವಾಮಾನ ಇಲಾಖೆ 2.5 ಮಿಲಿಮೀಟರು ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲು ಮಳೆದಿನ ಎಷ್ಟು ಎಂದು ಬರೆದು, ಆ ದಿನಗಳದ್ದಕ್ಕೆ ಮಾತ್ರ ಚಿತ್ರ ಎಳೆಯಿರಿ.

ಗುಡ್ಡ ಒಂದೇ ಇರಬೇಕೆಂದೇನಿಲ್ಲ. ಆರ್‌ನ ಜೊತೆಯಲ್ಲೇ ಬರುವ ಕೆಲವು ನಿಜವಾದ ದತ್ತಾಂಶಗಳಿವೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆ ಎಷ್ಟೆಷ್ಟು ನಿಮಿಷ ಚಿಮ್ಮಿತು ಎಂಬ 272 ದಾಖಲೆಗಳು ಅದರಲ್ಲಿ ಒಂದು. ಹೆಸರು ಫೇತ್‌ಫುಲ್ (ಎಫ್-ಎ-ಐ-ಟಿ-ಎಚ್-ಎಫ್-ಯು-ಎಲ್), ಕಾಲಂ ಇರಪ್ಶನ್ಸ್ (ಇ-ಆರ್-ಯು-ಪಿ-ಟಿ-ಐ-ಒ-ಎನ್-ಎಸ್).

ಹಿಸ್ಟ್(ಫೇತ್‌ಫುಲ್$ಇರಪ್ಶನ್ಸ್)

ಎರಡು ಗುಡ್ಡ ಏಳುತ್ತವೆ: ಒಂದು 2 ನಿಮಿಷದ ಹತ್ತಿರ, ಇನ್ನೊಂದು 4.5ರ ಹತ್ತಿರ, ನಡುವೆ ಕಣಿವೆ. ಸರಾಸರಿ 3.49, ಅದು ಕಣಿವೆಯ ಅಂಚಿಗೆ ಬೀಳುತ್ತದೆ. ನಮ್ಮ ಊರಿನ ಡೇರಿಯಲ್ಲಿ ಹಸು, ಎಮ್ಮೆ ಎರಡರ ಹಾಲಿನ ಕೊಬ್ಬಿನಂಶವನ್ನು ಒಂದೇ ಕಾಲಂನಲ್ಲಿ ಬರೆದು ಚಿತ್ರ ಎಳೆದರೂ ಹೀಗೇ ಎರಡು ಗುಡ್ಡ ಬರುತ್ತವೆ. ಹಸುವಿನದು 4ರ ಆಸುಪಾಸು, ಎಮ್ಮೆಯದು 6–7. ಎರಡನ್ನೂ ಬೆರೆಸಿ ತೆಗೆದ ಸರಾಸರಿ ಯಾವ ಕೊಟ್ಟಿಗೆಯ ಹಾಲನ್ನೂ ಹೇಳುವುದಿಲ್ಲ. ಎರಡು ಗುಡ್ಡ ಕಂಡಾಗ ಆ ಅಂಕಿಗಳನ್ನು ಬೇರೆ ಮಾಡಿ, ಎರಡು ಚಿತ್ರ ಎಳೆದು, ಎರಡು ಸಮರಿ ಬರೆಯಬೇಕು.

ಅಣ್ಣನ ಮಗಳ ಎರಡು ಹೊಲಗಳದ್ದೂ ಇದೇ ಕಥೆಯಾಯಿತು. ಎರಡು ಚಿತ್ರಗಳನ್ನೂ ಒಂದೇ ಅಳತೆಯ ಅಡಿಗೆರೆಯ ಮೇಲೆ, ಒಂದೇ ಅಗಲದ ಮನೆ ಮಾಡಿ ಎಳೆದೆವು. ಪಾರ್(ಎಂಎಫ್‌ರೋ = ಸಿ(2, 1)) ಎಂದು ಮೊದಲೇ ಹೇಳಿದರೆ ಒಂದರ ಕೆಳಗೊಂದು ಬರುತ್ತವೆ (ಪಿ-ಎ-ಆರ್, ಎಂ-ಎಫ್-ಆರ್-ಒ-ಡಬ್ಲ್ಯೂ). ಕೆರೆ ಪಕ್ಕದ ಹೊಲದಲ್ಲಿ ನಡುವೆ ಒಂದೇ ಗುಡ್ಡ ಇತ್ತು. ದಿಣ್ಣೆ ಹೊಲದಲ್ಲಿ ಎರಡಿದ್ದವು, ಸಣ್ಣದರದ್ದೊಂದು, ದಪ್ಪದರದ್ದೊಂದು. ಸರಾಸರಿ ಒಂದೇ ಆಗಿದ್ದದ್ದು ಹಾಗೆ. ಆ ಸಂಜೆ ಅವಳು ನೋಟುಪುಸ್ತಕ ಹಿಡಿದು ಅಣ್ಣನ ಬಳಿ ಹೋಗಿ, ದಿಣ್ಣೆ ಹೊಲದಲ್ಲಿ ಯಾವ ಸಾಲಿನವರೆಗೆ ನೀರು ಹತ್ತಿತ್ತು, ಎರಡು ಸಲ ಬೇರೆ ಬೇರೆ ಬಿತ್ತನೆ ಗಡ್ಡೆ ಹಾಕಿದ್ದಿರಾ ಎಂದು ಕೇಳುತ್ತಾ ಕೂತಳು.